ಹಳೆಯ ಮರಣ ದಾಖಲೆಯನ್ನು ಹುಡುಕಿ ಪಡೆಯುವ ಬಗೆ: ಕೋಲಾರ, ಚಿಕ್ಕಬಳ್ಳಾಪುರ ಭಾಗದವರಿಗೆ

ನಮ್ಮ ಕಡೆಯ ಬಹಳ ಮನೆಗಳಲ್ಲಿ ಮರಣ ಪ್ರಮಾಣಪತ್ರದ ಮಾತು ತಡವಾಗಿಯೇ ಏಳುತ್ತದೆ. ಪಹಣಿ ತಾತನ ಹೆಸರಿನಲ್ಲೇ ಉಳಿದಿರುತ್ತದೆ. ಬೆಳೆ ಸಾಲಕ್ಕೋ, ಅಣ್ಣತಮ್ಮಂದಿರ ಭಾಗಕ್ಕೋ ಪೌತಿ ಖಾತೆ (ಸತ್ತವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಲು ಹೊರಟಾಗ ನಾಡಕಚೇರಿಯಲ್ಲಿ ಮೊದಲು ಕೇಳುವ ಕಾಗದವೇ ಡೆತ್ ಸರ್ಟಿಫಿಕೇಟ್. ಅಷ್ಟು ಹೊತ್ತಿಗೆ ಸಾವಾಗಿ ಇಪ್ಪತ್ತೋ ನಲವತ್ತೋ ವರ್ಷ ಕಳೆದಿರುತ್ತದೆ, ದಿನಾಂಕ ಹೇಳಬಲ್ಲ ಹಿರಿಯರೂ ಹೋಗಿಬಿಟ್ಟಿರುತ್ತಾರೆ. ವಂಶವೃಕ್ಷ, ವಿಧವಾ ವೇತನ, ಜೀವ ವಿಮೆ, ಬ್ಯಾಂಕಿನ ಠೇವಣಿ, ಕುಟುಂಬ ಪಿಂಚಣಿ ಎಲ್ಲಕ್ಕೂ ಇದೇ ಕಾಗದ ಬೇಕಾಗುವುದರಿಂದ, ಅದನ್ನು ಕ್ರಮವಾಗಿ ಹುಡುಕುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಹುಡುಕುವವರು ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಕೈಬರಹದ ಮರಣ ರಿಜಿಸ್ಟರು ಹೆಸರಿನ ಅಕಾರಾದಿಯಲ್ಲಿ ಇರುವುದಿಲ್ಲ. ಅದು ಒಂದು ಊರಿಗೆ ಅಥವಾ ಒಂದು ವೃತ್ತಕ್ಕೆ ಸೇರಿದ ಪುಸ್ತಕ. ಪ್ರತಿ ಜನವರಿಯಲ್ಲಿ ನೋಂದಣಿ ಸಂಖ್ಯೆ ಮತ್ತೆ ಒಂದರಿಂದ ಆರಂಭವಾಗುತ್ತದೆ, ಒಳಗಿನ ನಮೂದುಗಳು ನೋಂದಣಿಯಾದ ಕ್ರಮದಲ್ಲಿರುತ್ತವೆ. ಆದ್ದರಿಂದ ಸಾವು ಸಂಭವಿಸಿದ ಸ್ಥಳ ಯಾವುದು, ನೋಂದಣಿಯಾದ ವರ್ಷ ಯಾವುದು ಎಂಬ ಎರಡನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಹೋದವರ ಕೆಲಸ ಬೇಗ ಮುಗಿಯುತ್ತದೆ; ಬರೀ ಹೆಸರು ಹೇಳಿಕೊಂಡು ಹೋದವರು ಅಲೆಯುತ್ತಾರೆ.

ಸ್ಥಳ ಗೊತ್ತುಮಾಡಿಕೊಳ್ಳುವುದು

1969ರ ಜನನ ಮರಣ ನೋಂದಣಿ ಅಧಿನಿಯಮದ ಪ್ರಕಾರ ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯ ನೋಂದಣಾಧಿಕಾರಿಯ ಪುಸ್ತಕದಲ್ಲಿಯೇ ಅದು ದಾಖಲಾಗಬೇಕು. ಸತ್ತವರ ಸ್ವಂತ ಊರು, ಮತಪಟ್ಟಿಯಲ್ಲಿರುವ ವಿಳಾಸ, ಮಣ್ಣು ಮಾಡಿದ ಜಾಗ ಇವು ಯಾವುವೂ ಇದಕ್ಕೆ ಲೆಕ್ಕಕ್ಕಿಲ್ಲ. ಶ್ರೀನಿವಾಸಪುರ ತಾಲ್ಲೂಕಿನ ರೈತರೊಬ್ಬರು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾಸ್ಪತ್ರೆಯಲ್ಲಿ ತೀರಿಕೊಂಡಿದ್ದರೆ, ಅಂತ್ಯಕ್ರಿಯೆ ಊರಿನ ತೋಟದಲ್ಲಿ ನಡೆದಿದ್ದರೂ ದಾಖಲೆ ಕೋಲಾರ ಪಟ್ಟಣದ್ದೇ. ಟಮಕದ ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ಕೋಲಾರದ ಇಟಿಸಿಎಂ ಆಸ್ಪತ್ರೆ, ಚಿಕ್ಕಬಳ್ಳಾಪುರದ ಸಿಎಸ್‌ಐ ಆಸ್ಪತ್ರೆ, ಬೆಂಗಳೂರಿನ ವಿಕ್ಟೋರಿಯಾ, ಕಿದ್ವಾಯಿ, ನಿಮ್ಹಾನ್ಸ್ ಎಲ್ಲದಕ್ಕೂ ಇದೇ ನಿಯಮ. ಆಸ್ಪತ್ರೆಯಲ್ಲಿ ಆದ ಸಾವಿನ ಮಾಹಿತಿಯನ್ನು ನೋಂದಣಾಧಿಕಾರಿಗೆ ಕೊಡುವ ಹೊಣೆಯೂ ಅಲ್ಲಿನ ಮುಖ್ಯ ವೈದ್ಯಾಧಿಕಾರಿಯದೇ ಹೊರತು ಮನೆಯವರದಲ್ಲ.

ನಮ್ಮದು ಗಡಿಭಾಗವಾದ್ದರಿಂದ ಈ ನಿಯಮ ಇಲ್ಲಿ ಇನ್ನಷ್ಟು ಮುಖ್ಯವಾಗುತ್ತದೆ. ಮುಳಬಾಗಿಲು, ಬಂಗಾರಪೇಟೆ ಕಡೆಯವರು ಕುಪ್ಪಂ ಅಥವಾ ವೇಲೂರಿನ ಆಸ್ಪತ್ರೆಗೆ, ಬಾಗೇಪಲ್ಲಿ, ಗೌರಿಬಿದನೂರು ಕಡೆಯವರು ಪುಟ್ಟಪರ್ತಿಗೋ ಹಿಂದೂಪುರಕ್ಕೋ, ತುಮಕೂರು ಜಿಲ್ಲೆಯ ಪಾವಗಡದವರೂ ಆಂಧ್ರದ ಊರುಗಳಿಗೇ ಹೋಗುವುದು ವಾಡಿಕೆ. ಅಲ್ಲಿ ತೀರಿಕೊಂಡವರ ದಾಖಲೆ ಆಂಧ್ರಪ್ರದೇಶ ಅಥವಾ ತಮಿಳುನಾಡಿನ ರಿಜಿಸ್ಟರಿನಲ್ಲಿರುತ್ತದೆ. ಕರ್ನಾಟಕದ ಯಾವ ಕಚೇರಿಯಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಅಲ್ಲಿನ ಪುರಸಭೆಯಿಂದ ಅಥವಾ ಪಂಚಾಯಿತಿಯಿಂದ ತಂದ ಪ್ರಮಾಣಪತ್ರವೂ ಇದೇ ಕೇಂದ್ರ ಅಧಿನಿಯಮದ ಕೆಳಗೆ ಕೊಟ್ಟದ್ದಾಗಿರುವುದರಿಂದ ನಮ್ಮ ತಾಲ್ಲೂಕು ಕಚೇರಿಯಲ್ಲಿ ಪೌತಿ ಖಾತೆಗೆ ಅದನ್ನೇ ಹಾಜರುಪಡಿಸಬಹುದು. ತೆಲುಗಿನಲ್ಲಿ ಅಥವಾ ತಮಿಳಿನಲ್ಲಿದ್ದರೆ ದೃಢೀಕರಿಸಿದ ಕನ್ನಡ ಅನುವಾದವನ್ನು ಜೊತೆಗಿಡುವುದು ಒಳ್ಳೆಯದು.

ದಾರಿಯಲ್ಲಿ ಆದ ಸಾವಿಗೆ ಬೇರೆ ನಿಯಮವಿದೆ. ಮುಳಬಾಗಿಲಿನಿಂದ ಬೆಂಗಳೂರಿಗೆ ಕರೆದೊಯ್ಯುವಾಗ ಆಂಬ್ಯುಲೆನ್ಸಿನಲ್ಲೇ ಪ್ರಾಣ ಹೋದರೆ, ವಾಹನ ಮೊದಲು ನಿಂತ ಸ್ಥಳದಲ್ಲಿ ಮಾಹಿತಿ ಕೊಡಬೇಕು. ಹೀಗಾಗಿ ಮುಳಬಾಗಿಲಿನಲ್ಲೂ ಸಿಗದ, ಬೆಂಗಳೂರಿನಲ್ಲೂ ಸಿಗದ ನಮೂದು ನಡುವಿನ ಕೋಲಾರದಲ್ಲೋ ಹೊಸಕೋಟೆಯಲ್ಲೋ ಇರುವ ಸಾಧ್ಯತೆಯನ್ನು ನೋಡಬೇಕು. ಆಸ್ಪತ್ರೆಗೆ ತರುವಷ್ಟರಲ್ಲೇ ಸತ್ತಿದ್ದರು ಎಂದು ವೈದ್ಯರು ಬರೆದ ಪ್ರಸಂಗಗಳಲ್ಲಿ ಆಸ್ಪತ್ರೆಯವರು ಮನೆಯವರ ಮೇಲೆ, ಮನೆಯವರು ಆಸ್ಪತ್ರೆಯ ಮೇಲೆ ಭಾರ ಹಾಕಿ, ಕೊನೆಗೆ ನೋಂದಣಿಯೇ ಆಗದೆ ಉಳಿಯುವುದುಂಟು. ಅಂಥದ್ದೆಂಬ ಅನುಮಾನವಿದ್ದರೆ ಆಸ್ಪತ್ರೆಯ ಚೀಟಿಯಲ್ಲಿ ಏನೆಂದು ಬರೆದಿದೆ ಎಂಬುದನ್ನು ಮೊದಲು ಓದಬೇಕು.

ಆಸ್ಪತ್ರೆಯಲ್ಲಿ ನೋಂದಣಿಯಾದ ಸಾವನ್ನು ಸುಲಭವೆಂಬ ಕಾರಣಕ್ಕೆ ಊರಿನಲ್ಲಿ ಇನ್ನೊಮ್ಮೆ ನೋಂದಾಯಿಸಬಾರದು. ಎರಡು ನೋಂದಣಿ ಸಂಖ್ಯೆ, ಎರಡು ಸ್ಥಳ, ಕೆಲವೊಮ್ಮೆ ಎರಡು ದಿನಾಂಕ ಇರುವ ಪ್ರಮಾಣಪತ್ರಗಳು ಮುಂದೆ ದಾಯಾದಿಗಳ ವ್ಯಾಜ್ಯದಲ್ಲಿ ಎದುರು ಪಕ್ಷದ ವಕೀಲರಿಗೆ ಒಳ್ಳೆಯ ಆಯುಧವಾಗುತ್ತವೆ.

ವರ್ಷ ಗೊತ್ತುಮಾಡಿಕೊಳ್ಳುವುದು

ಹೆಚ್ಚಿನ ಶ್ರಮ ಬೇಡುವುದು ಈ ಕೆಲಸ, ಮತ್ತು ಜನ ಹಗುರವಾಗಿ ತೆಗೆದುಕೊಳ್ಳುವುದೂ ಇದನ್ನೇ. ಮನೆಯ ಹಿರಿಯರಿಗೆ ಇಸವಿ ನೆನಪಿಲ್ಲದಿದ್ದರೂ ತಿಥಿ ನೆನಪಿರುತ್ತದೆ, ಏಕೆಂದರೆ ವರ್ಷವರ್ಷವೂ ವೈದಿಕವೋ ಎಡೆಯೋ ನಡೆದುಕೊಂಡು ಬಂದಿರುತ್ತದೆ. ಸಂವತ್ಸರದ ಹೆಸರೂ ಸಿಕ್ಕರೆ ಇಸವಿಯನ್ನು ನಿಖರವಾಗಿ ಹೇಳಬಹುದು. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಗೊಂದಲಕ್ಕೆ ಎಡೆಯಿಲ್ಲ. ಆನಂದ ಸಂವತ್ಸರದ ಪುಷ್ಯ ಬಹುಳ ಬಿದಿಗೆ ಎಂದು ಅಜ್ಜಿ ಹೇಳಿದರೆನ್ನೋಣ. ಆನಂದ ಸಂವತ್ಸರ 1974ರ ಯುಗಾದಿಯಿಂದ 1975ರ ಯುಗಾದಿಯವರೆಗಿತ್ತು. ಪುಷ್ಯ ಬಹುಳ ಬಿದಿಗೆ ಅದರ ಕೊನೆಯ ಭಾಗದಲ್ಲಿ, 1975ರ ಜನವರಿ ಕೊನೆಯ ವಾರದಲ್ಲಿ ಬಿತ್ತು. ಆನಂದವೆಂದರೆ 1974 ಎಂದು ಲೆಕ್ಕ ಹಾಕಿ ಆ ವರ್ಷದ ಪುಸ್ತಕವನ್ನಷ್ಟೇ ತೆರೆಸಿದವರಿಗೆ ನಮೂದು ಸಿಗುವುದಿಲ್ಲ. ಊರಿನ ಜೋಯಿಸರಲ್ಲಿ ಹಳೆಯ ಪಂಚಾಂಗಗಳಿದ್ದರೆ ಅವರನ್ನೇ ಕೇಳಬಹುದು. ಈಗ ಗಣಕದಲ್ಲೂ ಹಿಂದಿನ ವರ್ಷಗಳ ಪಂಚಾಂಗ ಸಿಗುತ್ತದೆ.

ಇನ್ನೊಂದು ಸೂಕ್ಷ್ಮವೂ ಇದೆ. ನಮ್ಮವರ ಲೆಕ್ಕದಲ್ಲಿ ದಿನ ಬದಲಾಗುವುದು ಸೂರ್ಯೋದಯಕ್ಕೆ, ಸರ್ಕಾರಿ ಪುಸ್ತಕದಲ್ಲಿ ನಡುರಾತ್ರಿಗೆ. ಸೋಮವಾರ ರಾತ್ರಿ ಹೋದರು ಎಂದು ಮನೆಯಲ್ಲಿ ಹೇಳುವ ಸಾವು ಬೆಳಗಿನ ಜಾವ ಮೂರಕ್ಕೆ ಆಗಿದ್ದರೆ ರಿಜಿಸ್ಟರಿನಲ್ಲಿ ಮಂಗಳವಾರದ ದಿನಾಂಕವಿರುತ್ತದೆ. ಜೊತೆಗೆ ಪುಸ್ತಕದ ಕ್ರಮ ಸಾವಿನ ದಿನದ್ದಲ್ಲ, ನೋಂದಣಿಯ ದಿನದ್ದು. ಡಿಸೆಂಬರ್ ಕೊನೆಯಲ್ಲಿ ಆದ ಸಾವನ್ನು ಹನ್ನೊಂದನೆಯ ದಿನದ ಕಾರ್ಯ ಮುಗಿಸಿ ಬಂದು ಬರೆಸಿದ್ದರೆ ಅದು ಮುಂದಿನ ವರ್ಷದ ಪುಸ್ತಕದಲ್ಲಿರುತ್ತದೆ. ಹೀಗಾಗಿ ಶೋಧಕ್ಕೆ ಕೊಡುವ ಅವಧಿಯನ್ನು ನೀವು ಅಂದಾಜಿಸಿದ ವರ್ಷಕ್ಕಷ್ಟೇ ಸೀಮಿತಗೊಳಿಸದೆ, ಅದರ ಹಿಂದಿನ ಮತ್ತು ಮುಂದಿನ ವರ್ಷವನ್ನೂ ಸೇರಿಸಿ ಬರೆಯುವುದು ವಿವೇಕ. ಶೋಧಕ್ಕೆ ವರ್ಷದ ಲೆಕ್ಕದಲ್ಲಿ ಶುಲ್ಕವಿರುತ್ತದಾದರೂ ಅದು ದೊಡ್ಡ ಮೊತ್ತವಲ್ಲ.

ತಿಥಿಯೂ ಗೊತ್ತಿಲ್ಲದಿದ್ದರೆ ಬೇರೆ ಗುರುತುಗಳನ್ನು ಹಿಡಿಯಬೇಕು. ಅವನಿ ಜಾತ್ರೆಗೆ ದನ ಹೊಡೆದುಕೊಂಡು ಹೋದಾಗ ಸುದ್ದಿ ಬಂತು ಎಂದು ಯಾರಾದರೂ ನೆನೆದರೆ ಅದು ಶಿವರಾತ್ರಿಯ ಆಸುಪಾಸು. ಇಂದಿರಾ ಗಾಂಧಿ ಹತ್ಯೆಯಾದ ಮಾರನೆಯ ತಿಂಗಳು ಎಂದರೆ 1984ರ ನವೆಂಬರ್. ಮುಸ್ಲಿಂ ಮನೆಗಳಲ್ಲಿ ಮುರುಗಮಲ್ಲದ ಉರುಸು, ರಂಜಾನ್, ಮೊಹರಂ ಹೀಗೆ ನೆನಪಿರುತ್ತದೆ; ಹಿಜರಿ ವರ್ಷ ನಮ್ಮ ಕ್ಯಾಲೆಂಡರಿಗಿಂತ ಸುಮಾರು ಹನ್ನೊಂದು ದಿನ ಚಿಕ್ಕದಾದ್ದರಿಂದ ಹಬ್ಬ ಯಾವ ತಿಂಗಳಲ್ಲಿ ಬಂದಿತ್ತೆಂದು ತಿಳಿದರೆ ವರ್ಷವನ್ನೂ ಅಂದಾಜಿಸಬಹುದು. ಇವುಗಳಿಗಿಂತ ಗಟ್ಟಿಯಾದ ಆಧಾರ ವೈಕುಂಠ ಸಮಾರಾಧನೆ ಅಥವಾ ಶಿವಗಣಾರಾಧನೆಯ ಕಾರ್ಡು. ಅದರಲ್ಲಿ ದಿನಾಂಕ, ವಾರ, ಕೆಲವೊಮ್ಮೆ ಗಂಟೆಯೂ ಅಚ್ಚಾಗಿರುತ್ತದೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ಬೀಗರ ಮನೆಯ ಟ್ರಂಕಿನಲ್ಲಿ ಸಿಗಬಹುದು. ಸಮಾಧಿಯ ಮೇಲಿನ ಕಲ್ಲು, ಚರ್ಚಿನ ಸಮಾಧಿ ಪುಸ್ತಕ, ಪತ್ರಿಕೆಯ ಶ್ರದ್ಧಾಂಜಲಿ ಜಾಹೀರಾತು, ಪಿಂಚಣಿ ನಿಲ್ಲಿಸಿದ ಪತ್ರ ಇವೂ ನೆರವಾಗುತ್ತವೆ. ಕೆಜಿಎಫ್‌ನ ಗಣಿ ಕಾರ್ಮಿಕರ ಮನೆಗಳಲ್ಲಿ ಕಂಪನಿ ಲೆಕ್ಕ ಚುಕ್ತಾ ಮಾಡಿದ ಕಾಗದಗಳನ್ನು ಜೋಪಾನವಾಗಿ ಇಟ್ಟಿರುತ್ತಾರೆ. ಗಣಿ 2001ರಲ್ಲಿ ಮುಚ್ಚಿದ್ದರೂ ಆ ಕಾಗದದ ಮೇಲಿನ ದಿನಾಂಕಕ್ಕೆ ಬೆಲೆಯಿದೆ.

ಪಹಣಿಯನ್ನೇ ಸಾಕ್ಷಿ ಮಾಡಿಕೊಳ್ಳುವ ಉಪಾಯವನ್ನು ಹೆಚ್ಚು ಜನ ಬಳಸುವುದಿಲ್ಲ. ಮುತ್ತಾತನ ಹೆಸರಿನಿಂದ ತಾತನ ಹೆಸರಿಗೆ ಹಿಂದೆ ಪೌತಿಯ ಮೇಲೆ ಖಾತೆ ಬದಲಾಗಿದ್ದರೆ, ಪಹಣಿಯ ಹತ್ತನೆಯ ಕಾಲಂನಲ್ಲಿ ಮ್ಯುಟೇಶನ್ ಸಂಖ್ಯೆ, ಅಂದರೆ ಎಂ.ಆರ್. ಸಂಖ್ಯೆ ಮತ್ತು ವರ್ಷ ಇರುತ್ತದೆ. ಆ ವರ್ಷಕ್ಕಿಂತ ಮುಂಚೆಯೇ ಮುತ್ತಾತ ತೀರಿಕೊಂಡಿರಬೇಕು. ಅವರು ತಾವೇ ಸಹಿ ಮಾಡಿದ ಕೊನೆಯ ಕ್ರಯಪತ್ರವೋ ಅಡಮಾನ ಪತ್ರವೋ ಸಿಕ್ಕರೆ, ಆ ದಿನ ಅವರು ಜೀವಂತವಿದ್ದದ್ದು ಖಚಿತ. ಇವೆರಡರ ನಡುವಿನ ಅವಧಿಯಷ್ಟನ್ನೇ ಹುಡುಕಿದರೆ ಸಾಕು. ಮ್ಯುಟೇಶನ್ ಕಡತದ ನಕಲು ತೆಗೆಸಿದರೆ ಅದರೊಳಗೆ ಅಂದಿನ ಶಾನುಭೋಗರೋ ಗ್ರಾಮ ಲೆಕ್ಕಿಗರೋ ಸಾವಿನ ದಿನಾಂಕವನ್ನೇ ಬರೆದಿರುವುದೂ ಉಂಟು.

ಯಾವ ಕಚೇರಿಗೆ ಹೋಗಬೇಕು

ಗ್ರಾಮಾಂತರದಲ್ಲಿ ಬಹುಕಾಲದಿಂದ ಗ್ರಾಮ ಲೆಕ್ಕಿಗರೇ ನೋಂದಣಾಧಿಕಾರಿಗಳು. ಅವರನ್ನು ಈಗ ಗ್ರಾಮ ಆಡಳಿತಾಧಿಕಾರಿ ಎನ್ನುತ್ತಾರೆ. 2024ರಿಂದೀಚೆಗೆ ಸಾವಾದ 30 ದಿನದೊಳಗಿನ ನೋಂದಣಿಯನ್ನು ಗ್ರಾಮ ಪಂಚಾಯಿತಿಯಲ್ಲೂ ಮಾಡಿಸಬಹುದಾಗಿದೆ. ಪಟ್ಟಣಗಳಲ್ಲಿ ನಗರಸಭೆ, ಪುರಸಭೆ, ಪಟ್ಟಣ ಪಂಚಾಯಿತಿಯ ಆರೋಗ್ಯ ಶಾಖೆಯಲ್ಲಿ ಕೇಳಬೇಕು. ಇತ್ತೀಚಿನ ಸಾವುಗಳು ಇ-ಜನ್ಮ ತಂತ್ರಾಂಶದಲ್ಲಿ ದಾಖಲಾಗಿರುವುದರಿಂದ ಅವುಗಳ ಪ್ರಮಾಣಪತ್ರ ಪಡೆಯುವುದು ಕಷ್ಟವಲ್ಲ.

ಹಳೆಯ ಕೈಬರಹದ ಪುಸ್ತಕಗಳ ವಿಚಾರ ಬೇರೆ. ನಿಯಮದಂತೆ ನೋಂದಣಾಧಿಕಾರಿಯು ವರ್ಷ ಮುಗಿದ ಮೇಲೆ ಹನ್ನೆರಡು ತಿಂಗಳು ಮಾತ್ರ ಪುಸ್ತಕವನ್ನು ತನ್ನ ಬಳಿ ಇಟ್ಟುಕೊಂಡು ಆನಂತರ ಮೇಲಿನ ಅಧಿಕಾರಿಯ ಸುಪರ್ದಿಗೆ ಒಪ್ಪಿಸಬೇಕು. ನಮ್ಮ ಹಳ್ಳಿಗಳ ಹಳೆಯ ಮರಣ ರಿಜಿಸ್ಟರುಗಳನ್ನು ತಾಲ್ಲೂಕು ಕಚೇರಿಯ ಅಭಿಲೇಖಾಲಯದಲ್ಲಿ, ಅಂದರೆ ರೆಕಾರ್ಡ್ ರೂಮಿನಲ್ಲಿ ಹುಡುಕಬೇಕಾಗುವುದು ಈ ಕಾರಣಕ್ಕೆ. ಇವು ಶಾಶ್ವತ ದಾಖಲೆಗಳು. ಇವುಗಳನ್ನು ನಾಶಪಡಿಸುವಂತಿಲ್ಲ ಎಂದು ನಿಯಮವೇ ಹೇಳುತ್ತದೆ. ಗ್ರಾಮ ಲೆಕ್ಕಿಗರ ಬಳಿ ಕೇಳಿ ಇಲ್ಲವೆನ್ನಿಸಿಕೊಂಡು ಮರಳಿ ಬಂದವರು ಸರಿಯಾದ ಬಾಗಿಲನ್ನು ಇನ್ನೂ ತಟ್ಟಿಲ್ಲವೆಂದೇ ಅರ್ಥ.

ಅಭಿಲೇಖಾಲಯದಲ್ಲಿ ಈ ಪುಸ್ತಕಗಳು ಹೋಬಳಿವಾರು ಬಟ್ಟೆಯ ಗಂಟುಗಳಲ್ಲಿ ಇರುವುದು ಸಾಮಾನ್ಯ. ಗಂಟಿನ ಮೇಲಿನ ಚೀಟಿಯಲ್ಲಿ ಹೋಬಳಿ, ಗ್ರಾಮ, ಸಾಲು ಬರೆದಿರುತ್ತದೆ. ಒಂದು ಗಂಟಿನೊಳಗೆ ಹಲವು ಊರುಗಳ ಜನನ ಮತ್ತು ಮರಣ ಎರಡರ ಪುಸ್ತಕಗಳೂ ಕಲೆತಿರುವುದುಂಟು. ಬೆಚಿರಾಕ್ ಆದ, ಅಂದರೆ ಜನ ಬಿಟ್ಟುಹೋದ ಊರು, ಕಂದಾಯ ಗ್ರಾಮವಲ್ಲದ ಮಜರೆ, ತೋಟದ ಮನೆಗಳಲ್ಲಿ ಆದ ಸಾವು ಮುಖ್ಯ ಗ್ರಾಮದ ಹೆಸರಿನ ಕೆಳಗಿರುತ್ತದೆ. ಆದ್ದರಿಂದ ಅರ್ಜಿಯಲ್ಲಿ ಮಜರೆಯ ಹೆಸರಿನ ಜೊತೆಗೆ ಕಂದಾಯ ಗ್ರಾಮ ಮತ್ತು ಹೋಬಳಿಯ ಹೆಸರನ್ನು ಪಹಣಿ ನೋಡಿ ಬರೆಯಬೇಕು.

ಗಡಿ ಬದಲಾದ ಕಡೆ ಇನ್ನಷ್ಟು ಎಚ್ಚರ ಬೇಕು. 2007ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರ ಜಿಲ್ಲೆ ಬೇರೆಯಾದಾಗ ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರಿನಂಥ ತಾಲ್ಲೂಕುಗಳು ಹಾಗೇ ಉಳಿದವು. ಹಳೆಯ ದಾಖಲೆಯ ಮೇಲೆ ‘ಕೋಲಾರ ಜಿಲ್ಲೆ’ ಎಂದಿದ್ದ ಮಾತ್ರಕ್ಕೆ ಅಲ್ಲಿನವರು ಕೋಲಾರಕ್ಕೆ ಹೋಗಬೇಕಾಗಿಲ್ಲ. ಆದರೆ ಬಾಗೇಪಲ್ಲಿಯಿಂದ ಬೇರೆಯಾದ ಚೇಳೂರು, ಗೌರಿಬಿದನೂರಿನಿಂದ ಬೇರೆಯಾದ ಮಂಚೇನಹಳ್ಳಿ, ಬಂಗಾರಪೇಟೆಯಿಂದ ಬೇರೆಯಾದ ಕೆಜಿಎಫ್ ಇವು ಹೊಸ ತಾಲ್ಲೂಕುಗಳಾದ್ದರಿಂದ ಹಳೆಯ ಪುಸ್ತಕಕ್ಕಾಗಿ ಮೂಲ ತಾಲ್ಲೂಕಿನ ಕಚೇರಿಯಲ್ಲೂ ವಿಚಾರಿಸಬೇಕು.

1969ರ ಅಧಿನಿಯಮ ನಮ್ಮ ರಾಜ್ಯದಲ್ಲಿ 1970ರಲ್ಲಿ ಜಾರಿಗೆ ಬಂತು. ಅದಕ್ಕೂ ಹಿಂದಿನ ಕಾಲದ ಪುಸ್ತಕಗಳು ಉಳಿದಿದ್ದರೆ ಅವನ್ನೂ ತಾಲ್ಲೂಕು ಕಚೇರಿಯಲ್ಲೇ ಕೇಳಬೇಕು, ಆದರೆ ಎಲ್ಲ ಊರಿನದೂ ಸಿಗುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು.

ಅರ್ಜಿ ಬರೆಯುವುದು

ಅಧಿನಿಯಮದ 17ನೇ ಕಲಮಿನಂತೆ ಯಾವುದೇ ವ್ಯಕ್ತಿ ಶುಲ್ಕ ಕಟ್ಟಿ ರಿಜಿಸ್ಟರಿನಲ್ಲಿ ಶೋಧ ಮಾಡಿಸಬಹುದು, ಮರಣದ ನಮೂದಿನ ನಕಲು ಪಡೆಯಬಹುದು. ಮಗನೇ ಬರಬೇಕು, ಎಲ್ಲ ವಾರಸುದಾರರೂ ಸಹಿ ಹಾಕಬೇಕು ಎಂಬ ಷರತ್ತು ಈ ಕಲಮಿನಲ್ಲಿ ಇಲ್ಲ. ಗುರುತಿನ ಚೀಟಿ ಮತ್ತು ಸಂಬಂಧ ತೋರಿಸುವ ಒಂದು ಕಾಗದ ಜೊತೆಗಿದ್ದರೆ ಮಾತು ಬೇಗ ಮುಗಿಯುತ್ತದೆ ಎಂಬುದು ಬೇರೆ ವಿಷಯ.

ಅರ್ಜಿಯಲ್ಲಿ ‘ಹುಡುಕಿ ಕೊಡಿ’ ಎಂದು ಮಾತ್ರ ಬರೆದರೆ, ಸಿಗದಿದ್ದಾಗ ಅರ್ಜಿ ಹಾಗೇ ಮೂಲೆಗೆ ಬೀಳುತ್ತದೆ. ಸಿಕ್ಕರೆ ಏನು, ಸಿಗದಿದ್ದರೆ ಏನು ಎಂಬ ಎರಡನ್ನೂ ಒಂದೇ ಅರ್ಜಿಯಲ್ಲಿ ಕೇಳಬೇಕು. ಊಹೆಯ ಉದಾಹರಣೆಯೊಂದನ್ನು ತೆಗೆದುಕೊಂಡರೆ ಅದರ ಒಕ್ಕಣೆ ಹೀಗಿರಬಹುದು:

‘ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಕೋರುವುದೇನೆಂದರೆ, ನನ್ನ ತಾತನವರಾದ ಮುನಿಯಪ್ಪ ಉರುಫ್ ದೊಡ್ಡ ಮುನಿಶಾಮಪ್ಪ ಬಿನ್ ಪಿಳ್ಳಪ್ಪ ಎಂಬವರು ಸದರಿ ತಾಲ್ಲೂಕಿನ ಇಂಥ ಹೋಬಳಿ, ಇಂಥ ಗ್ರಾಮದ ವಾಸದ ಮನೆಯಲ್ಲಿ 1975ನೇ ಸಾಲಿನ ಜನವರಿ ತಿಂಗಳ ಸುಮಾರಿಗೆ ಮರಣ ಹೊಂದಿರುತ್ತಾರೆ. ಆದ್ದರಿಂದ 1974ನೇ ಸಾಲಿನಿಂದ 1976ನೇ ಸಾಲಿನವರೆಗಿನ ಮರಣ ರಿಜಿಸ್ಟರುಗಳನ್ನು ಶೋಧಿಸಿ, ನಮೂದು ಕಂಡುಬಂದಲ್ಲಿ ನಮೂನೆ 6ರಲ್ಲಿ ಮರಣ ಪ್ರಮಾಣಪತ್ರವನ್ನು, ಕಂಡುಬಾರದಿದ್ದಲ್ಲಿ ನಮೂನೆ 10ರಲ್ಲಿ ಅಲಭ್ಯತಾ ಪ್ರಮಾಣಪತ್ರವನ್ನು ನೀಡಬೇಕಾಗಿ ವಿನಂತಿ.’

ಇಲ್ಲಿ ಉರುಫ್ ಎಂದು ಎರಡು ಹೆಸರು ಕೊಟ್ಟಿರುವುದು ಸುಮ್ಮನೆ ಅಲ್ಲ. ನಮ್ಮ ಕಡೆ ಒಂದು ಊರಿನಲ್ಲಿ ನಾಲ್ಕೈದು ಮುನಿಯಪ್ಪಂದಿರು ಇರುವುದು ಸಹಜ. ಪಹಣಿಯಲ್ಲಿ ಒಂದು ಹೆಸರು, ಮತಪಟ್ಟಿಯಲ್ಲಿ ಇನ್ನೊಂದು, ಊರವರ ಬಾಯಲ್ಲಿ ಮತ್ತೊಂದು ಇರುತ್ತದೆ. ಮನೆಯಲ್ಲಿ ತೆಲುಗು ಮಾತನಾಡುವವರ ಹೆಸರನ್ನು ಕನ್ನಡದಲ್ಲಿ ಬರೆದುಕೊಂಡ ಗುಮಾಸ್ತರು ಅದನ್ನು ತಮ್ಮ ಕಿವಿಗೆ ಕೇಳಿಸಿದಂತೆ ಬರೆದಿರುತ್ತಾರೆ. ಹೆಂಗಸರ ಹೆಸರಿನ ಮುಂದೆ ಗಂಡನ ಹೆಸರನ್ನು ‘ಕೋಂ’ ಎಂದು ಸೇರಿಸಿರುತ್ತಾರೆ, ಹಳೆಯ ಪುಸ್ತಕದಲ್ಲಿ ಕೆಲವೊಮ್ಮೆ ‘ಇಂಥವರ ಹೆಂಡತಿ’ ಎಂದಷ್ಟೇ ಇರುತ್ತದೆ. ಹುಡುಕಿಕೊಡುವ ನೌಕರರಿಗೆ ಈ ಪಾಠಾಂತರಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದು ಕೊಡಬೇಕು.

ಅರ್ಜಿಯನ್ನು ಟಪಾಲು ವಿಭಾಗದಲ್ಲಿ ಕೊಟ್ಟು ಮೊಹರು ಮತ್ತು ದಿನಾಂಕವಿರುವ ಸ್ವೀಕೃತಿ ಪಡೆಯಬೇಕು. ಗೊತ್ತಾದ ಅವಧಿಯೊಳಗೆ ಸೇವೆ ಕೊಡುವ ಸರ್ಕಾರದ ಸಕಾಲ ಯೋಜನೆಯಡಿ ಸಲ್ಲಿಸಿದರೆ ಜಿಎಸ್‌ಸಿ ಸಂಖ್ಯೆ ಕೊಡುತ್ತಾರೆ, ಅದರಿಂದ ಅರ್ಜಿಯ ಸ್ಥಿತಿ ತಿಳಿಯಬಹುದು. ಯಾವ ವಿಷಯ ನಿರ್ವಾಹಕರ ಮೇಜಿಗೆ ಹೋಗಿದೆ ಎಂಬುದನ್ನು ಕೇಳಿ ಬರೆದಿಟ್ಟುಕೊಳ್ಳಬೇಕು. ‘ನೋಡಿದೆವು, ಇಲ್ಲ’ ಎಂಬ ಬಾಯಿಮಾತಿಗೆ ತೃಪ್ತರಾಗಿ ಎದ್ದು ಬರಬಾರದು. ಆ ಮಾತಿನಿಂದ ಮುಂದಿನ ಯಾವ ಹೆಜ್ಜೆಯನ್ನೂ ಇಡಲಾಗುವುದಿಲ್ಲ. ನಮೂನೆ 10 ಅಥವಾ ಕಡೇಪಕ್ಷ ಲಿಖಿತ ಹಿಂಬರಹ (ಅರ್ಜಿಗೆ ಕಚೇರಿ ಕೊಡುವ ಉತ್ತರ) ಕೈಯಲ್ಲಿದ್ದರೆ ಮಾತ್ರ ಮುಂದಕ್ಕೆ ದಾರಿ. ಎರಡನ್ನೂ ಕೊಡದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಶುಲ್ಕದೊಡನೆ ಅರ್ಜಿ ಹಾಕಿ, ಯಾವ ಯಾವ ವರ್ಷದ ಪುಸ್ತಕ ಕಚೇರಿಯಲ್ಲಿ ಲಭ್ಯವಿದೆ ಎಂಬ ಪಟ್ಟಿಯನ್ನು ಕೇಳಬಹುದು. ಪುಸ್ತಕವಿದೆ ಆದರೆ ನಮೂದಿಲ್ಲ ಎಂಬುದಕ್ಕೂ, ಆ ವರ್ಷದ ಪುಸ್ತಕವೇ ಇಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಉತ್ತರದಲ್ಲಿ ಅದು ಸ್ಪಷ್ಟವಾಗಿರುವಂತೆ ನೋಡಿಕೊಳ್ಳಬೇಕು.

ಪ್ರಮಾಣಪತ್ರ ಕೈಗೆ ಬಂದ ಮೇಲೆ

ಕೌಂಟರಿನಲ್ಲೇ ನಿಂತು ಹೆಸರು, ತಂದೆ ಅಥವಾ ಗಂಡನ ಹೆಸರು, ಮರಣದ ದಿನಾಂಕ, ಮರಣದ ಸ್ಥಳ, ನೋಂದಣಿ ಸಂಖ್ಯೆ, ನೋಂದಣಿ ದಿನಾಂಕಗಳನ್ನು ಓದಿಕೊಳ್ಳಬೇಕು. ನಕಲು ಮಾಡುವಾಗ ಆದ ತಪ್ಪಾಗಿದ್ದರೆ ಮೂಲ ಪುಸ್ತಕ ನೋಡಿ ಅಲ್ಲೇ ಸರಿಪಡಿಸಿಕೊಡುತ್ತಾರೆ. ಮೂಲ ಪುಸ್ತಕದಲ್ಲೇ ತಪ್ಪಿದ್ದರೆ 15ನೇ ಕಲಮಿನಂತೆ ತಿದ್ದುಪಡಿಗೆ ಅರ್ಜಿ ಹಾಕಬೇಕು. ಆಗ ಹಳೆಯ ಬರಹವನ್ನು ಅಳಿಸದೆ, ಅಂಚಿನಲ್ಲಿ ಸರಿಯಾದ ವಿವರ ಬರೆದು, ತಿದ್ದಿದ ದಿನಾಂಕದೊಡನೆ ಅಧಿಕಾರಿ ಸಹಿ ಮಾಡುತ್ತಾರೆ. ತಿದ್ದುಪಡಿಗೆ ಒದಗಿಸುವ ಆಧಾರ ಸತ್ತವರ ಜೀವಿತಕಾಲದ್ದಾಗಿದ್ದಷ್ಟೂ ಒಳ್ಳೆಯದು. ಸತ್ತ ಮೇಲೆ ಮಾಡಿಸಿದ ಅಫಿಡವಿಟ್ಟಿಗಿಂತ ಹಳೆಯ ಶಾಲಾ ದಾಖಲೆ ಅಥವಾ ಕ್ರಯಪತ್ರಕ್ಕೆ ತೂಕ ಹೆಚ್ಚು. ಹೊಸದಾಗಿ ನೋಂದಣಿ ಮಾಡಿಸುವವರೂ ಒಂದು ಮಾತು ತಿಳಿದಿರಬೇಕು: 2000ನೇ ಇಸವಿಯಿಂದ ಜಾರಿಯಲ್ಲಿರುವ ನಿಯಮಗಳಂತೆ, ಮಾಹಿತಿದಾರರು ತುಂಬಿ ಸಹಿ ಮಾಡುವ ನಮೂನೆ 2ರ ಕಾನೂನು ಭಾಗವೇ ರಿಜಿಸ್ಟರಿನ ಹಾಳೆಯಾಗುತ್ತದೆ. ಅಲ್ಲಿ ಇನಿಷಿಯಲ್ ಬಿಟ್ಟರೆ ಎಲ್ಲ ಕಡೆಯೂ ಬಿಟ್ಟಂತೆಯೇ.

ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. ರಿಜಿಸ್ಟರಿನಲ್ಲಿ ಕಾರಣ ಬರೆದಿದ್ದರೂ ನಕಲಿನಲ್ಲಿ ಅದನ್ನು ಬಹಿರಂಗಪಡಿಸಬಾರದೆಂದು ಕಾನೂನೇ ತಡೆಯುತ್ತದೆ. ವಿಮೆಯವರು ಕಾರಣ ಕೇಳಿದರೆ ಆಸ್ಪತ್ರೆಯಿಂದ ಮರಣ ಕಾರಣದ ವೈದ್ಯಕೀಯ ಪ್ರಮಾಣಪತ್ರವನ್ನು ಪಡೆಯಬೇಕು. 2023ರ ತಿದ್ದುಪಡಿಯ ನಂತರ ಅದರ ಪ್ರತಿಯನ್ನು ಹತ್ತಿರದ ಸಂಬಂಧಿಗೆ ಕೊಡುವುದು ಆಸ್ಪತ್ರೆಯ ಕರ್ತವ್ಯವಾಗಿದೆ. ಅಪಘಾತ, ಹಾವು ಕಡಿತ, ಕೆರೆಯಲ್ಲಿ ಮುಳುಗಿದ್ದು ಮುಂತಾದ ಅಸಹಜ ಸಾವುಗಳಲ್ಲಿ ಪೊಲೀಸ್ ಠಾಣೆಯ ಯುಡಿಆರ್ (ಅಸಹಜ ಸಾವಿನ ವರದಿ) ಅಥವಾ ಎಫ್‌ಐಆರ್, ಶವ ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿಗಳನ್ನು ಬೇರೆಯಾಗಿ ಪಡೆಯಬೇಕಾಗುತ್ತದೆ. ಠಾಣೆಯಲ್ಲಿ ಕೇಸು ಇದ್ದ ಮಾತ್ರಕ್ಕೆ ಮರಣ ನೋಂದಣಿ ಆಗಿದೆ ಎಂದು ತಿಳಿಯಬಾರದು.

ನಮೂದೇ ಇಲ್ಲವೆಂದಾದಾಗ

ಸಾವನ್ನು 21 ದಿನದೊಳಗೆ ತಿಳಿಸಬೇಕು. ಅದು ಮೀರಿ 30 ದಿನದೊಳಗಾದರೆ ತಡ ಶುಲ್ಕ ಸಾಕು. 30 ದಿನ ಮೀರಿ ಒಂದು ವರ್ಷದೊಳಗಾದರೆ ನಿಗದಿತ ಅಧಿಕಾರಿಯ ಲಿಖಿತ ಅನುಮತಿ ಬೇಕು. ಒಂದು ವರ್ಷ ದಾಟಿದ ಸಾವಿಗೆ ಮೊದಲು ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟರ ನ್ಯಾಯಾಲಯದ ಆದೇಶ ತರಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಈ ಅಧಿಕಾರವನ್ನು ಜಿಲ್ಲಾ ಮ್ಯಾಜಿಸ್ಟ್ರೇಟ್, ಉಪವಿಭಾಗೀಯ ಮ್ಯಾಜಿಸ್ಟ್ರೇಟ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟರು ಅಧಿಕಾರ ಕೊಟ್ಟ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರಿಗೆ ವಹಿಸಿದೆ. ನಮ್ಮಲ್ಲಿ ಉಪವಿಭಾಗೀಯ ಮ್ಯಾಜಿಸ್ಟ್ರೇಟರೆಂದರೆ ಉಪವಿಭಾಗಾಧಿಕಾರಿ, ಜನರ ಮಾತಿನಲ್ಲಿ ಎಸಿ ಸಾಹೇಬರು. ಹಳೆಯ ತಿಳಿವಳಿಕೆಯ ಮೇಲೆ ಇನ್ನೂ ಕೋರ್ಟಿನ ದಾರಿ ಹೇಳುವವರಿದ್ದಾರೆ. ಹಣ ಕಟ್ಟುವ ಮುನ್ನ ಉಪವಿಭಾಗಾಧಿಕಾರಿ ಕಚೇರಿಯಲ್ಲಿ ವಿಚಾರಿಸುವುದು ಮೇಲು. ತುಮಕೂರು ಜಿಲ್ಲೆಯಲ್ಲಿ ತುಮಕೂರು, ತಿಪಟೂರು, ಮಧುಗಿರಿ ಎಂದು ಮೂರು ಉಪವಿಭಾಗಗಳಿವೆ. ಶಿರಾ, ಪಾವಗಡ, ಕೊರಟಗೆರೆಯವರು ಮಧುಗಿರಿಗೆ ಹೋಗಬೇಕು.

ಅರ್ಜಿಯೊಡನೆ ನಮೂನೆ 10 ಕಡ್ಡಾಯವಾಗಿ ಇರಲಿ. ಸಾವು ನಡೆದದ್ದು, ನಡೆದ ದಿನ, ನಡೆದ ಸ್ಥಳ ಈ ಮೂರೂ ನಿಜವೆಂದು ಅಧಿಕಾರಿಗೆ ಮನವರಿಕೆಯಾಗಬೇಕಾದ್ದರಿಂದ, ಮೇಲೆ ಹೇಳಿದ ಕಾರ್ಯದ ಕಾರ್ಡು, ಸಮಾಧಿಯ ಫೋಟೋ, ಮ್ಯುಟೇಶನ್ ನಕಲು, ಹಳೆಯ ಪಡಿತರ ಚೀಟಿಗಳನ್ನು ಈಗ ಪುರಾವೆಯಾಗಿ ಕೊಡಬಹುದು. ಸಾಕ್ಷಿ ಹೇಳುವವರು ಸತ್ತವರ ಸಮಕಾಲೀನರಾಗಿರಬೇಕು, ಪಕ್ಕದ ಮನೆಯವರೋ ಪಕ್ಕದ ಜಮೀನಿನವರೋ ಆದರೆ ಉತ್ತಮ. 1980ರ ಸಾವಿಗೆ 1978ರಲ್ಲಿ ಹುಟ್ಟಿದವರನ್ನು ಸಾಕ್ಷಿಯಾಗಿ ಕರೆದೊಯ್ದರೆ ಪ್ರಯೋಜನವಿಲ್ಲ. ಎಲ್ಲ ವಾರಸುದಾರರೂ ಒಂದೇ ದಿನಾಂಕ ಹೇಳುವಂತೆ ಮೊದಲೇ ಕೂತು ಆಧಾರಗಳನ್ನು ನೋಡಿಕೊಳ್ಳಬೇಕು, ಏಕೆಂದರೆ ಹೆಣ್ಣುಮಕ್ಕಳ ಹಕ್ಕು, ಎರಡನೆಯ ಹೆಂಡತಿಯ ಮಕ್ಕಳ ಹಕ್ಕು ಇವೆಲ್ಲ ಎಷ್ಟೋ ಸಲ ಸಾವಿನ ದಿನಾಂಕದ ಮೇಲೆಯೇ ನಿಂತಿರುತ್ತವೆ. ಆದೇಶ ಬಂದ ನಂತರ ಅದನ್ನು ನೋಂದಣಾಧಿಕಾರಿಗೆ ಕೊಟ್ಟು ನೋಂದಣಿ ಮಾಡಿಸಬೇಕು. ಆದೇಶದ ಪ್ರತಿಯೇ ಪ್ರಮಾಣಪತ್ರವಲ್ಲ. ಹೀಗೆ ತಡವಾಗಿ ನೋಂದಣಿಯಾದ ಪ್ರಮಾಣಪತ್ರದಲ್ಲಿ ಮರಣದ ದಿನಾಂಕ ಹಳೆಯದು, ನೋಂದಣಿ ದಿನಾಂಕ ಇಂದಿನದು ಇರುತ್ತದೆ. ಅದು ದೋಷವಲ್ಲ.

ಮನೆಬಿಟ್ಟು ಹೋಗಿ ಮರಳಿ ಬಾರದವರ ವಿಷಯದಲ್ಲಿ ಈ ದಾರಿ ನಡೆಯುವುದಿಲ್ಲ. ಏಳು ವರ್ಷ ಅವರ ಸುದ್ದಿ ಕೇಳಬೇಕಾದವರಿಗೆ ಸುದ್ದಿಯೇ ಇಲ್ಲದಿದ್ದರೆ ಮೃತರೆಂದು ಭಾವಿಸುವ ನಿಯಮ ಹಿಂದೆ ಸಾಕ್ಷ್ಯ ಅಧಿನಿಯಮದ 108ನೇ ಕಲಮಿನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 111ನೇ ಕಲಮಿನಲ್ಲಿದೆ. ಅದಕ್ಕೆ ಸಿವಿಲ್ ನ್ಯಾಯಾಲಯದಲ್ಲಿ ಘೋಷಣೆ ಪಡೆಯಬೇಕು, ಕಾಣೆಯಾದಾಗ ಠಾಣೆಯಲ್ಲಿ ಕೊಟ್ಟ ದೂರಿನ ಪ್ರತಿ ಅಲ್ಲಿ ಮುಖ್ಯ ಆಧಾರವಾಗುತ್ತದೆ.

ಕೊನೆಯದಾಗಿ ಪ್ರತಿಗಳ ವಿಚಾರ. ಒಮ್ಮೆ ನಮೂದು ಸಿಕ್ಕಾಗ ನಾಲ್ಕೈದು ದೃಢೀಕೃತ ಪ್ರತಿಗಳನ್ನು ಒಟ್ಟಿಗೆ ಪಡೆದುಕೊಳ್ಳಬೇಕು, ಏಕೆಂದರೆ ಬ್ಯಾಂಕು, ವಿಮೆ, ತಾಲ್ಲೂಕು ಕಚೇರಿ ಒಂದೊಂದೂ ಒಂದನ್ನು ಇಟ್ಟುಕೊಳ್ಳುತ್ತವೆ. ಮರಣ ಪ್ರಮಾಣಪತ್ರಕ್ಕೆ ಅವಧಿ ಮೀರುವುದೆಂಬುದಿಲ್ಲ. ಅಂತರ್ಜಾಲದಲ್ಲಿ ಅರ್ಜಿ ಹಾಕುವವರು ವಿಳಾಸ ಜಿಒವಿ ಡಾಟ್ ಇನ್ ಎಂದು ಮುಗಿಯುತ್ತದೆಯೇ ಎಂದು ನೋಡಿಯೇ ಮುಂದುವರಿಯಬೇಕು. ಸರ್ಕಾರದ್ದೆಂಬಂತೆ ಕಾಣುವ ನಕಲಿ ಜಾಲತಾಣಗಳಿಂದ ಬಂದ ಪ್ರಮಾಣಪತ್ರ ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ. ಪ್ರಮಾಣಪತ್ರದ ಒಂದು ಪ್ರತಿಯ ಹಿಂದೆ ಯಾವ ಕಚೇರಿಯ, ಯಾವ ಊರಿನ, ಯಾವ ಸಾಲಿನ ಪುಸ್ತಕದಲ್ಲಿ, ಎಷ್ಟನೆಯ ಸಂಖ್ಯೆಯಲ್ಲಿ ನಮೂದು ಸಿಕ್ಕಿತೆಂದು ಪೆನ್ಸಿಲ್ಲಿನಲ್ಲಿ ಬರೆದು ಮನೆಯ ಜಮೀನಿನ ಕಾಗದಗಳೊಡನೆ ಇಟ್ಟರೆ, ಮುಂದೆ ಇನ್ನೊಂದು ಪ್ರತಿ ಬೇಕಾದವರು ಮತ್ತೆ ಹಲವು ವರ್ಷಗಳ ಪುಸ್ತಕಗಳನ್ನು ಶೋಧಿಸಬೇಕಾಗುವುದಿಲ್ಲ.